ಗೊಟಗೋಡಿಯ ಶಿಲ್ಪವನ: ಯಾವ ಕಾಲದಲ್ಲಿ ಹೋಗಬೇಕು?

ಮಕ್ಕಳ ಪರೀಕ್ಷೆಗಳು ಮುಗಿಯುತ್ತಿದ್ದಂತೆಯೇ ನಮ್ಮ ಮನೆಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, 'ಈ ಸಲ ಎಲ್ಲಿಗೆ?' ಎಂಬುದು. 'ಯಾವಾಗ?' ಎಂಬ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಶಾಲೆಗೆ ರಜೆ ಬಂದುದೇ ಮುಹೂರ್ತವೆಂದು ಭಾವಿಸಿ ಹೊರಟುಬಿಡುತ್ತೇವೆ. ಎಲ್ಲಿಗೆ ಎಂಬುದಕ್ಕಿಂತ ಯಾವಾಗ ಎಂಬುದೇ ಮುಖ್ಯವೆಂಬ ಮಾತನ್ನು ನಾನು ಒಂದೇ ಸ್ಥಳಕ್ಕೆ ಒಂದೇ ವರ್ಷದಲ್ಲಿ ಎರಡು ಸಲ ಹೋಗಿ ಕಲಿತೆನು. ಆ ಅನುಭವವನ್ನು ಶರಣಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಸ್ಥಳ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿಯೇ 'ಉತ್ಸವ ರಾಕ್ ಗಾರ್ಡನ್' ಎಂಬ ಶಿಲ್ಪವನವಿದೆ. ಚಿತ್ರಕಲಾವಿದರೂ ದೊಡ್ಡಾಟದ ಬಲ್ಲಿದರೂ ಆಗಿದ್ದ ಟಿ. ಬಿ. ಸೊಲಬಕ್ಕನವರ ಕನಸಿನ ಕೃತಿಯಿದು. ಅವರು 2020ರಲ್ಲಿ ನಮ್ಮನ್ನಗಲಿದರು. ಉತ್ತರ ಕರ್ನಾಟಕದ ಹಳ್ಳಿಯ ಬಾಳುವೆಯನ್ನು ಆಳೆತ್ತರದ ಸಿಮೆಂಟಿನ ಪ್ರತಿಮೆಗಳಲ್ಲಿ ಇಲ್ಲಿ ಕಡೆದು ನಿಲ್ಲಿಸಲಾಗಿದೆ. ಮನೆ, ಅಂಗಳ, ದನಕರು, ಕಸುಬಿನವರು, ಹರಟೆಗೆ ಕುಳಿತ ಹಿರಿಯರು, ಎಲ್ಲವೂ ಇವೆ. ವರನಟ ಡಾ. ರಾಜಕುಮಾರ್ ಅವರ ಚಿತ್ರಪಾತ್ರಗಳ ಪ್ರತಿಮೆಗಳೂ ಉಂಟು. ಜಾನಪದದ ಅಧ್ಯಯನಕ್ಕೆಂದೇ 2011ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವೂ ಇದೇ ಗ್ರಾಮದಲ್ಲಿರುವುದು ಯೋಗಾಯೋಗವೇ ಸರಿ.

2024ರ ಮೇ ತಿಂಗಳಿನಲ್ಲಿ, ಬೆಂಗಳೂರಿನಿಂದ ಮಗ, ಸೊಸೆ ಮತ್ತು ಒಂಬತ್ತು ವರ್ಷದ ಮೊಮ್ಮಗ ಬಂದಾಗ, ನನ್ನ ಅಕ್ಕನವರನ್ನೂ ಕರೆದುಕೊಂಡು ನಾವೆಲ್ಲ ಇಲ್ಲಿಗೆ ಹೋದೆವು. ಅಕ್ಕನವರಿಗೆ ಆಗ ಎಪ್ಪತ್ತೆಂಟು. ಬಾಳೆಲ್ಲ ಹೊಲಮನೆಯಲ್ಲಿಯೇ ಸವೆಸಿದ ಜೀವ. ಮನೆ ಬಿಡುವಾಗಲೇ ತಡವಾಯಿತು, ತಲುಪಿದಾಗ ನಡುಹಗಲು. ಬಯಲಿನಲ್ಲಿ ನಿಂತ ಸಿಮೆಂಟು, ಕಲ್ಲು ಬಿಸಿಲಿಗೆ ಕಾದು ಕೆಂಡವಾಗಿದ್ದವು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಕ್ಕನವರಿಗೆ ತಲೆಸುತ್ತು ಬಂದಿತು. 'ತಮ್ಮಾ, ನಾ ಇಲ್ಲೇ ಗಿಡದ ನೆರಳಿಗೆ ಕುಂಡರ್ತೀನಿ, ನೀವು ನೋಡಿ ಬರ್ರಿ' ಎಂದು ಕುಳಿತುಬಿಟ್ಟರು. ಮೊಮ್ಮಗನೋ, ಪ್ರತಿಯೊಂದು ಪ್ರತಿಮೆಯ ಮುಂದೆಯೂ 'ಇದೇನು ಅಜ್ಜ? ಇದು ಯಾತಕ್ಕೆ?' ಎಂದು ಕೇಳಿದನು. ಹನ್ನೆರಡನೆಯ ವಯಸ್ಸಿಗೇ ಮಠದ ಪಾಠಶಾಲೆಯನ್ನು ಸೇರಿದ ನನಗೆ ಪುಸ್ತಕದ ಉತ್ತರಗಳು ಗೊತ್ತಿದ್ದವು. ಕೈಯ ಉತ್ತರಗಳು ಗೊತ್ತಿರಲಿಲ್ಲ. ಅವನ್ನು ಬಲ್ಲವರು ನೆರಳಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಸಂಜೆ ಮರಳುವಾಗ ಹುಡುಗ, 'ಎಲ್ಲವೂ ಗೊಂಬೆಗಳೇ' ಎಂದನು. ಆ ಮಾತು ನನ್ನನ್ನು ಚುಚ್ಚಿತು. ತಪ್ಪು ಸ್ಥಳದ್ದಲ್ಲ, ಶಿಲ್ಪಿಯದಲ್ಲ. ಕಾಲವನ್ನು ಅರಿಯದೆ ಹೊರಟ ನಮ್ಮದೇ.

ಅಂದಿನಿಂದ ನಾನು ಈ ಪ್ರದೇಶದ ಋತುಮಾನವನ್ನು ಗೊಟಗೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕತೊಡಗಿದೆನು. ಮಾರ್ಚಿಯಿಂದ ಮೇ ಕೊನೆಯವರೆಗೆ ಬಿಸಿಲು. ಏಪ್ರಿಲ್, ಮೇ ತಿಂಗಳುಗಳ ಇಳಿಹೊತ್ತಿನಲ್ಲಿ ಗುಡುಗು ಸಿಡಿಲಿನ ಅಡ್ಡಮಳೆಯ ಭಯ. ಜೂನ್ ಮೊದಲ ವಾರದಲ್ಲಿ ಮುಂಗಾರು ಕಾಲಿಟ್ಟರೆ ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳ ಕಾಲಕ್ಕೆ ನೆಲವೆಲ್ಲ ಕೆಸರು. ವಯಸ್ಸಾದವರ ಕಾಲು ಜಾರುವ ಹೊತ್ತು. ನವೆಂಬರ್, ಡಿಸೆಂಬರ್ ಹವೆಯೇನೋ ಹಿತಕರ. ಆದರೆ ಅದು ಶಾಲೆಗಳ ಶೈಕ್ಷಣಿಕ ಪ್ರವಾಸದ ಕಾಲ. ಬಸ್ಸಿನ ಹಿಂದೆ ಬಸ್ಸು ಬಂದು ನಿಲ್ಲುವಾಗ ನಿಂತು ನೋಡುವ ಸಾವಧಾನ ದೊರೆಯದು. ಸಂಕ್ರಾಂತಿಯ ನಂತರ, ಶಿವರಾತ್ರಿಯ ಒಳಗೆ, ಹೊರಗೆ ಹೋಗಲು ಬಹು ಒಳ್ಳೆಯ ದಿನಗಳಿವೆ. ಬ್ಯಾಡಗಿಯ ಪೇಟೆ ಕೆಂಪು ಮೆಣಸಿನಕಾಯಿಯಿಂದ ತುಂಬುವ ದಿನಗಳೂ ಅವೇ. ಆದರೆ ಶಾಲೆಯ ಮಕ್ಕಳಿಗೆ ಆಗ ರಜೆಯಿಲ್ಲ, ಪರೀಕ್ಷೆಯ ಸಿದ್ಧತೆ.

ಹೀಗೆ ಸೋಸುತ್ತ ಬಂದರೆ ಉಳಿಯುವುದು ದಸರೆಯ ರಜೆ. ಸೆಪ್ಟೆಂಬರ್ 27ರ ಸುಮಾರಿಗೆ ಹಸ್ತ ಮಳೆ, ಅಕ್ಟೋಬರ್ 10ರ ಸುಮಾರಿಗೆ ಚಿತ್ತಿ ಮಳೆ. ಮುಂಗಾರು ಹಿಂದೆಗೆಯುವ ಹೊತ್ತು. ಒಂದೆರಡು ಸಲ ಮಳೆ ಬಂದರೂ ದಿನವಿಡೀ ಹಿಡಿದು ಕೂರುವುದು ಅಪರೂಪ. ಹೆದ್ದಾರಿಯ ಎರಡೂ ಬದಿಯ ಹೊಲಗಳು ಹಸಿರಾಗಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ವಿಜಯದಶಮಿಯಾದ ಐದನೆಯ ದಿನಕ್ಕೆ ಶೀಗಿ ಹುಣ್ಣಿಮೆ ಬರುತ್ತದೆ. ಪೈರು ಹೊತ್ತ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ, ಬಗೆಬಗೆಯ ಅಡಿಗೆ ಮಾಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ ಅದು.

ಆ ವರ್ಷದ ಶೀಗಿ ಹುಣ್ಣಿಮೆ ಅಕ್ಟೋಬರ್ 17, ಗುರುವಾರ. ಶಾಲೆಗೆ ದಸರೆಯ ರಜೆ ಇನ್ನೂ ಮುಗಿದಿರಲಿಲ್ಲ. ನಾನು ಮಗನಿಗೆ ಮೊದಲೇ ಹೇಳಿಕಳಿಸಿ, ಎಲ್ಲರನ್ನೂ ಅಕ್ಕನವರ ಹೊಲಕ್ಕೆ ಕರೆಸಿದೆನು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಮೊಸರು ಬುತ್ತಿ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೋಗಿ, ಹುಡುಗನ ಕೈಯಿಂದಲೇ ಚರಗ ಚೆಲ್ಲಿಸಿದರು. ಹೊಲದ ಮನೆಯಲ್ಲಿದ್ದ ನೇಗಿಲು, ಕುಂಟೆ, ಕೂರಿಗೆಗಳನ್ನು ಅವನು ಮುಟ್ಟಿ ನೋಡಿದನು. ಎತ್ತಿನ ಮೈದಡವಿದನು.

ಮರುದಿನ ಶುಕ್ರವಾರ ಬೆಳಿಗ್ಗೆ, ಬಿಸಿಲೇರುವ ಮೊದಲೇ ಗೊಟಗೋಡಿಗೆ ಹೋದೆವು. ಈ ಸಲ ಮುಂದೆ ನಡೆದವರು ಅಕ್ಕನವರು, ಅವರ ಬೆರಳು ಹಿಡಿದು ಹುಡುಗ, ಹಿಂದೆ ನಾವು. ಎತ್ತಿನ ಪ್ರತಿಮೆಯನ್ನು ಕಂಡು, 'ಅಜ್ಜಿ, ನಿನ್ನೆ ನಾವು ನೋಡಿದ ಎತ್ತಿನ ಹಾಗೇ ಇದೆ!' ಎಂದನು. ಒಂದೊಂದು ಕಸುಬಿನ ಮುಂದೆ ನಿಂತು ಅಕ್ಕನವರು, ತಾವು ಸೊಸೆಯಾಗಿ ಬಂದ ಕಾಲದಲ್ಲಿ ಆ ಕಸುಬಿನ ಮನೆ ಊರಿನ ಯಾವ ಓಣಿಯಲ್ಲಿತ್ತು, ಸುಗ್ಗಿಯಲ್ಲಿ ಅವರಿಗೆ ಎಷ್ಟು ಕಾಳು ಅಳೆಯುತ್ತಿದ್ದರು ಎಂಬುದನ್ನು ವಿವರಿಸಿದರು. ನನ್ನ ಪಾಲಿಗೂ ಕೊಂಚ ಉಳಿದಿತ್ತು. ಬಿದಿರು ಹೆಣೆಯುತ್ತಿದ್ದ ಮೇದಾರ ಕೇತಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಿದೇವ ಇವರೆಲ್ಲ ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತವರೆಂದು ಹೇಳಿದೆನು. ಕಾಯಕವೆಂಬ ಪದವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಹುಡುಗನಿಗೆ ಅಂದು ಅದಕ್ಕೊಂದು ಮುಖ, ಎರಡು ಕೈ ದೊರೆತವು.

ಸ್ಥಾವರವಾದ ಶಿಲ್ಪ ಮಾತನಾಡಬೇಕಾದರೆ ಅದರ ಪಕ್ಕದಲ್ಲಿ ಜಂಗಮವಾದ ಒಂದು ಜೀವ ನಿಲ್ಲಬೇಕು. ಮೇ ತಿಂಗಳಿನಲ್ಲಿ ನಮಗೆ ತಪ್ಪಿದ್ದು ಅದೇ.

ಹೋಗುವವರಿಗೆ ಕೆಲವು ಸೂಚನೆಗಳು. ಭಾನುವಾರವನ್ನೂ ಸರಕಾರಿ ರಜೆಯನ್ನೂ ಬಿಟ್ಟು ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮುಗಿಸಿ. ಕೊಡೆ, ಟೊಪ್ಪಿಗೆ, ಕುಡಿಯುವ ನೀರು ಜೊತೆಗಿರಲಿ. ಇಳಿಹೊತ್ತಿಗೆ ಅದೇ ತಾಲೂಕಿನಲ್ಲಿರುವ ಶರೀಫ ಸಾಹೇಬರ ಶಿಶುನಾಳವನ್ನೋ, ಕನಕದಾಸರ ಬಾಡವನ್ನೋ, ನವಿಲುಗಳ ಬಂಕಾಪುರವನ್ನೋ ನೋಡಬಹುದು. ಮೂರನ್ನೂ ಒಂದೇ ದಿನ ನೋಡುವ ಆತುರ ಬೇಡ. ಇನ್ನು, ಬಿಡದಿಯಲ್ಲಿ 2005ರಿಂದ ಇರುವ ವಂಡರ್‌ಲಾದಂತಹ ನೀರಾಟದ ಉದ್ಯಾನಗಳ ಲೆಕ್ಕವೇ ಬೇರೆ. ಅಲ್ಲಿಗೆ ಬಿಸಿಲೇ ಆಕರ್ಷಣೆಯಾದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ನೂಕುನುಗ್ಗಲು. ಸರದಿಯಲ್ಲಿ ನಿಲ್ಲಲಾರದ ಹಿರಿಯರು ಜೊತೆಗಿದ್ದರೆ ಆ ತಿಂಗಳುಗಳನ್ನು ಬಿಡುವುದೇ ಲೇಸು. ಕೆಲವು ಆಟಗಳಿಗೆ ಮಕ್ಕಳ ಎತ್ತರದ ನಿಯಮವೂ ಇರುವುದರಿಂದ ತೀರ ಚಿಕ್ಕವರಿಗೆ ನಿರಾಸೆಯಾಗದಂತೆ ಮೊದಲೇ ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಮರುವರ್ಷದ ಬೇಸಿಗೆಯಲ್ಲಿ ಅಕ್ಕನವರು ಲಿಂಗೈಕ್ಯರಾದರು. ಅಂದು ನಾನು 'ಮುಂದಿನ ವರ್ಷ ನೋಡೋಣ' ಎಂದಿದ್ದರೆ, ಹುಡುಗನ ಪಾಲಿಗೆ ಗೊಟಗೋಡಿ ಗೊಂಬೆಗಳ ತೋಟವಾಗಿಯೇ ಉಳಿಯುತ್ತಿತ್ತು. ಪಂಚಾಂಗ, ಮಳೆ, ಬಿಸಿಲು, ರಜೆ ಎಲ್ಲವನ್ನೂ ಲೆಕ್ಕ ಹಾಕಿರಿ. ಅದರ ಜೊತೆಗೆ ಮನೆಯ ಹಿರಿಯರ ಕಾಲಿನಲ್ಲಿ ಇನ್ನೆಷ್ಟು ಶಕ್ತಿಯಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಅವರು ನಡೆಯಬಲ್ಲ ಋತುವಿನಲ್ಲಿ, ಅವರನ್ನು ಮುಂದಿಟ್ಟುಕೊಂಡು ಹೊರಡಿರಿ.