ಪೊಟ್ಟಣದ ಇಡ್ಲಿ

ಕುಣಿಗಲ್ಲಿನ ನಮ್ಮ ಮನೆಯಲ್ಲಿ ಇಡ್ಲಿಯ ಹಿಟ್ಟೆಂದರೆ ಒರಳುಕಲ್ಲಿನಿಂದಲೇ ಬರತಕ್ಕದ್ದು. ಆದುದರಿಂದ ತಂದೆಯವರು ಬೆಂಗಳೂರಿನಿಂದ ರವೆ ಇಡ್ಲಿಯ ಪೊಟ್ಟಣವೊಂದನ್ನು ತಂದಾಗ ಅಜ್ಜಿ ಅದನ್ನು ಮೂಸಿ ನೋಡಿ, "ಏನಪ್ಪಾ, ಅಂಗಡಿಯೋರು ನಮಗೆ ಇಡ್ಲಿ ಮಾಡೋದು ಕಲಿಸ್ತಾರೇನು?" ಎಂದು ಮೂಲೆಗಿಟ್ಟರು.

ಆ ಪೊಟ್ಟಣ ಹುಟ್ಟಿದ್ದು ಸಂಕಟದಲ್ಲಿ. ಯಜ್ಞನಾರಾಯಣ ಮಯ್ಯರು ಸೋದರರೊಡನೆ 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಬೇಯಿಸಿದವರು ತಾವೇ ಎಂಬುದು ಅವರ ಹೆಮ್ಮೆ. ಆದರೆ 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಯನ್ನು ತೀರ ಅಗ್ಗವಾಗಿ ಮಾರಬೇಕೆಂಬ ನಿರ್ಬಂಧ ಬಂದಿತು. ಬೆಲೆಯ ಜೊತೆಗೆ ರುಚಿಯನ್ನೂ ಇಳಿಸಲು ಮನಸ್ಸೊಪ್ಪದೆ ಅವರು ಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ವ್ಯಾಪಾರಕ್ಕೆ ತಿರುಗಿದರು.

ಒಂದು ಮಳೆಗಾಲ ಅಜ್ಜಿ ಜ್ವರದಿಂದ ಮಲಗಿದರು. ಹಿಟ್ಟು ರುಬ್ಬುವವರಿಲ್ಲ. ತಾಯಿಯವರು ಹೊಸದೊಂದು ಪೊಟ್ಟಣ ತರಿಸಿ, ಮೊಸರಿನಲ್ಲಿ ಕಲಸಿ, ಅರ್ಧ ಗಂಟೆಯಲ್ಲಿ ಇಡ್ಲಿ ಬೇಯಿಸಿ ಮುಂದಿಟ್ಟರು. ಅಜ್ಜಿ ಎರಡು ತಿಂದರು. ಒಂದು ಮಾತನ್ನೂ ಆಡಲಿಲ್ಲ. ನನಗೆ ಅದೇಕೋ ಖೇದವಾಯಿತು.

2013ರಲ್ಲಿ ಆ ಉಪಾಹಾರಗೃಹದ ಶಾಖೆ ಸಿಂಗಪುರದಲ್ಲಿಯೂ ತೆರೆಯಿತು. ಅಲ್ಲಿರುವ ನನ್ನ ತಮ್ಮನ ಮಗಳು, "ದೊಡ್ಡಪ್ಪಾ, ಇಲ್ಲಿಯ ಇಡ್ಲಿಗೆ ಮನೆಯ ರುಚಿಯಿದೆ" ಎನ್ನುತ್ತಾಳೆ. ಯಾವ ಮನೆಯದೆಂದು ನಾನು ಕೇಳಲಿಲ್ಲ. ಅವಳು ಹುಟ್ಟುವ ವೇಳೆಗೆ ನಮ್ಮ ಒರಳುಕಲ್ಲು ಹಿತ್ತಿಲು ಸೇರಿತ್ತು.