ಹುಲ್ಲಿನ ಪ್ರಮಾಣ

ಸಂಸ್ಕೃತದಲ್ಲಿ ತೃಣವೆಂಬ ಶಬ್ದಕ್ಕೆ ಹುಲ್ಲೆಂಬುದು ಎಷ್ಟು ಸಹಜವಾದ ಅರ್ಥವೋ, ಲೆಕ್ಕಕ್ಕೆ ಬಾರದ ವಸ್ತುವೆಂಬುದೂ ಅಷ್ಟೇ ಸಹಜವಾದ ಅರ್ಥವಾಗಿ ಬಳಕೆಗೆ ಬಂದಿದೆ. ತೃಣಪ್ರಾಯವೆನ್ನುತ್ತೇವೆ, ತೃಣೀಕರಿಸಿದನೆನ್ನುತ್ತೇವೆ, ಕನ್ನಡದಲ್ಲಿಯೂ ಒಬ್ಬನನ್ನು ಹುಲ್ಲುಕಡ್ಡಿಗೆ ಸಮಾನನೆಂದರೆ ಅವನ ಕಥೆ ಮುಗಿಯಿತು. ಆದರೆ ನಿಘಂಟುಕಾರರು ಈ ತಿರಸ್ಕಾರದಲ್ಲಿ ಭಾಗಿಗಳಲ್ಲ. ಅಮರಸಿಂಹನು ಎಳೆಯ ಹುಲ್ಲಿಗೆ ಶಷ್ಪವೆಂದು ಬೇರೆ ಹೆಸರು ಹೇಳುತ್ತಾನೆ. ದನಗಳ ಮೇವಾಗತಕ್ಕ ಹುಲ್ಲಿಗೆ ಘಾಸ, ಯವಸ ಎಂದು ಬೇರೆ. ಎಳೆಹುಲ್ಲಿನಿಂದ ಹಸುರಾದ ನೆಲಕ್ಕೆ ಶಾದ್ವಲವೆಂದು ಬೇರೆ. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡುವಾಗ ಇಷ್ಟು ಭೇದಗಳಿಂದ ಆಗತಕ್ಕ ಪ್ರಯೋಜನವೇನೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ಆ ಪ್ರಯೋಜನವು ನನಗೆ ಗೋಚರವಾದದ್ದು ಅರವತ್ತು ಕಳೆದ ಮೇಲೆ, ಇಂಗ್ಲೆಂಡಿನ ಡಿಡ್ಕಾಟ್ ಎಂಬ ಊರಿನಲ್ಲಿ, ನೈಲಾನಿನ ಹುಲ್ಲನ್ನು ನೆಡುವ ಕೆಲಸಕ್ಕೆ ಕೈಹಾಕಿದಾಗ.

ಆ ಊರಿನಲ್ಲಿ ನನ್ನ ಮಗಳ ಸಂಸಾರವಿದೆ. ಪಕ್ಕದ ಮನೆಯ ಯಜಮಾನರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ವಯಸ್ಸು ಎಂಬತ್ತರ ಹತ್ತಿರ. ತಮ್ಮ ಹಿತ್ತಲಿನ ಮರದ ಕೊಠಡಿಯಲ್ಲಿ ಅವರು ಒಂದು ಸಣ್ಣ ರೈಲು ನಿಲ್ದಾಣವನ್ನೂ ಅದರ ಎರಡು ಕಡೆಯ ಹಳಿದಾರಿಯನ್ನೂ ಪುಟ್ಟ ಮಾದರಿಯಾಗಿ ಕಟ್ಟುತ್ತಿದ್ದಾರೆ. ನಿಜವಾದ ನಿಲ್ದಾಣ ಈಗ ಇಲ್ಲ. 1963ರಲ್ಲಿ ಬೀಚಿಂಗ್ ಎಂಬ ಅಧಿಕಾರಿಯ ವರದಿಯು ಹೊರಬಿದ್ದ ಮೇಲೆ ಆ ದೇಶದಲ್ಲಿ ಸಾವಿರಾರು ಮೈಲಿಗಳ ಹಳಿದಾರಿ ಮುಚ್ಚಿಹೋಯಿತು. ಹಾಗೆ ಹೋದವುಗಳಲ್ಲಿ ಅದೂ ಒಂದು. ನಾನು ಸಾಯಂಕಾಲದ ಹೊತ್ತು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಅವರ ಕೈ ಸ್ವಲ್ಪ ನಡುಗುತ್ತದೆ. ಆದುದರಿಂದ ಅಂಟು ಸವರುವ ಕೆಲಸವು ಕ್ರಮೇಣ ನನ್ನ ಪಾಲಿಗೆ ಬಂದಿತು.

ವಾಚಕರಲ್ಲಿ ಕೆಲವರಿಗೆ ಇದು ಮುದುಕರ ಮಕ್ಕಳಾಟವೆಂದು ತೋರಬಹುದು. ಅಂಥವರು ಡಿಡ್ಕಾಟಿಗೆ ಸಮೀಪದ ಲಾಂಗ್ ವಿಟ್ಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿರುವ ಪೆಂಡನ್ ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಬೇಕು. ರಾಯ್ ಇಂಗ್ಲೆಂಡ್ ಎಂಬ ಮಹನೀಯರು 1925ರಲ್ಲಿ ಆಸ್ಟ್ರೇಲಿಯದಿಂದ ಬಂದು, ಆ ಸೀಮೆಯ ಹುಲ್ಲುಮಾಡಿನ ಮನೆಗಳೂ ಓಣಿಗಳೂ ತಮ್ಮ ಕಣ್ಣೆದುರಿಗೇ ರೂಪುಗೆಡುತ್ತಿರುವುದನ್ನು ಕಂಡು, ಅವುಗಳ ರೂಪವನ್ನಾದರೂ ಉಳಿಸೋಣವೆಂದು ಒಂದೊಂದನ್ನಾಗಿ ಮಾದರಿ ಮಾಡಲು ತೊಡಗಿದರು. 1954ರಲ್ಲಿ ಅದು ಸಂಗ್ರಹಾಲಯವಾಯಿತು. 1995ರಲ್ಲಿ ಅವರು ತೀರಿಕೊಂಡರು. ಕೆಲಸವು ಬೇರೆ ಕೈಗಳಿಂದ ನಡೆದುಕೊಂಡು ಬಂದಿದೆ. ಅಲ್ಲಿ ಎಲ್ಲವೂ ನಿಜದ ಎಪ್ಪತ್ತಾರರಲ್ಲಿ ಒಂದು ಪಾಲು. ಆಳೆತ್ತರವೆಂದರೆ ಒಂದು ಅಂಗುಲಕ್ಕೂ ಕಡಮೆ. ಅದನ್ನು ನೋಡಿ ಬಂದ ಮೇಲೆ ಆಟಿಕೆಯೆಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ನಮ್ಮ ನೆರೆಯವರ ಅಳತೆಯೂ ಅದೇ.

ಈ ಅಳತೆಯಲ್ಲಿ ಎಂಜಿನ್ನು, ಗಾಡಿ, ಕಟ್ಟಡ ಇವುಗಳನ್ನು ಮಾಡುವುದು ಶ್ರಮಸಾಧ್ಯವೇ ಹೊರತು ದುಸ್ಸಾಧ್ಯವಲ್ಲ. ಕಷ್ಟವಿರುವುದು ಹುಲ್ಲಿನಲ್ಲಿ. ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ, ನೀರು ಚಿಮುಕಿಸಿ, ಮೊಳಕೆ ಬರಿಸಿ ಉದ್ಯಾನವನ್ನು ಮಾಡುತ್ತಾರಷ್ಟೆ. ಅದು ಜೀವವುಳ್ಳ ಹಸುರು, ಸಂದೇಹವಿಲ್ಲ. ಆದರೆ ಒಂದು ಅಂಗುಲದ ಆ ಮೊಳಕೆಯನ್ನು ಈ ನಿಲ್ದಾಣದ ಪಕ್ಕದಲ್ಲಿ ಇಟ್ಟರೆ ಅದು ಆಳೆತ್ತರವನ್ನು ಮೀರಿದ ಕಾಡಾಗುತ್ತದೆ. ಇಲ್ಲಿ ನಿಜವಾದ ಹುಲ್ಲೇ ಸುಳ್ಳಾಗತಕ್ಕದ್ದು. ಹಿಂದಿನವರು ಮರದ ಹೊಟ್ಟಿಗೆ ಹಸುರು ಬಣ್ಣ ಹಾಕಿ ಅಂಟಿನ ಮೇಲೆ ಉದುರಿಸುತ್ತಿದ್ದರು. ದೂರದಿಂದ ನೋಡಿದರೆ ಪರವಾಯಿಲ್ಲ; ಹತ್ತಿರ ಬಂದರೆ ಪಾಚಿ ಹಿಡಿದ ನೆಲದಂತೆ ಕಾಣುತ್ತದೆ. ಹುಲ್ಲಿನ ಲಕ್ಷಣವು ಬಣ್ಣವಲ್ಲ, ನಿಲುವು. ಎಳೆ ಎಳೆಯೂ ನೆಲದಿಂದ ಎದ್ದು ನಿಂತಿರಬೇಕು.

ಎಳೆಗಳನ್ನು ಹೀಗೆ ನಿಲ್ಲಿಸುವ ಉಪಾಯವು ಸ್ಥಿರವಿದ್ಯುತ್ತಿನಿಂದ ದೊರೆತದ್ದು. ಉಜ್ಜಿದರೆ ಹುಲ್ಲಿನ ಚೂರುಗಳನ್ನು ಸೆಳೆದುಕೊಳ್ಳುವ ಶಿಲಾರಾಳಕ್ಕೆ ನಮ್ಮವರು ತೃಣಮಣಿಯೆಂದು ಹೆಸರಿಟ್ಟರು. ಪಾರಸಿಯಲ್ಲಿ ಅದರ ಹೆಸರಿಗೆ ಹುಲ್ಲುಗಳ್ಳನೆಂದು ಅರ್ಥ. ಗ್ರೀಕರು ಅದಕ್ಕೆ ಇಟ್ಟ ಎಲೆಕ್ಟ್ರಾನ್ ಎಂಬ ಹೆಸರಿನಿಂದಲೇ ವಿದ್ಯುತ್ತಿಗೆ ಇಂಗ್ಲಿಷಿನ ಹೆಸರು ಹುಟ್ಟಿತು. ಹೀಗೆ ವಿದ್ಯುತ್ತಿಗೂ ಹುಲ್ಲಿಗೂ ಇರುವ ನಂಟು ಹಳೆಯದು. ನೆರೆಯವರ ಬಳಿ ಇರುವ ಉಪಕರಣವು ಹಿಡಿಕೆಯುಳ್ಳ ಒಂದು ಡಬ್ಬಿ. ಅದರ ಬಾಯಿಗೆ ಲೋಹದ ಜರಡಿ. ಒಳಗೆ ಪುಟ್ಟ ಬ್ಯಾಟರಿ, ಅದರ ಒತ್ತಡವನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸುವ ಸಲಕರಣೆ. ಹರಿಯುವ ಪ್ರವಾಹವು ಅತ್ಯಲ್ಪವಾದುದರಿಂದ ತಗಲಿದರೆ ಚುರುಕು ಮುಟ್ಟಿಸಿ ಬಿಡುತ್ತದೆ. ಒಂದು ತಂತಿಯ ತುದಿಯನ್ನು ಮೊಳೆಗೆ ಕಟ್ಟಿ, ಮೊಳೆಯನ್ನು ಹಸಿ ಅಂಟಿನಲ್ಲಿ ಚುಚ್ಚಬೇಕು. ಡಬ್ಬಿಯಲ್ಲಿ ನೈಲಾನಿನ ಸಣ್ಣ ಎಳೆಗಳನ್ನು ತುಂಬಿ, ಎರಡು ಮೂರು ಸೆಂಟಿಮೀಟರು ಮೇಲೆ ಹಿಡಿದು ಮೆಲ್ಲನೆ ಅಲುಗಿಸಬೇಕು. ಜರಡಿಯನ್ನು ಮುಟ್ಟಿದ ಎಳೆಗೆ ಜರಡಿಯ ವಿದ್ಯುತ್ತೇ ಅಂಟುತ್ತದೆ. ಸಜಾತೀಯವು ಸಜಾತೀಯವನ್ನು ನೂಕುವುದರಿಂದ ಎಳೆ ಅಲ್ಲಿಂದ ಚಿಮ್ಮುತ್ತದೆ. ದಾರಿಯಲ್ಲಿ ನೆಟ್ಟಗಾಗಿ ವಿಜಾತೀಯವಾದ ಅಂಟಿನ ಕಡೆಗೆ ಧಾವಿಸಿ ಅದರಲ್ಲಿ ನಾಟಿಕೊಳ್ಳುತ್ತದೆ. ಆಭರಣದ ಪೆಟ್ಟಿಗೆಯೊಳಗಿನ ಮಖಮಲ್ಲಿನಂಥ ಹೊದಿಕೆಯನ್ನು ಮಾಡುವುದೂ ಈ ನ್ಯಾಯದಿಂದಲೇ. ಕೊಂಡುಕೊಳ್ಳಲಾರದವರು ಸೊಳ್ಳೆ ಹೊಡೆಯುವ ವಿದ್ಯುತ್ ಬ್ಯಾಟಿನ ಒಳಭಾಗಕ್ಕೆ ಚಹದ ಜರಡಿಯನ್ನು ಜೋಡಿಸಿ ಕೆಲಸ ಸಾಗಿಸುತ್ತಾರಂತೆ. ಸೊಳ್ಳೆಗಿಂತ ಹುಲ್ಲಿನ ವಿಷಯದಲ್ಲಿ ಅದು ಹೆಚ್ಚು ಉಪಯುಕ್ತವಾಗಿರಲೂಬಹುದು.

ಎಳೆಗಳು ಒಮ್ಮೆಲೇ ಎದ್ದು ನಿಲ್ಲುವುದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಬರಿಯ ಕಂದುಬಣ್ಣ ಬಳಿದ ನೆಲ. ಕ್ಷಣಮಾತ್ರದಲ್ಲಿ ಅದು ಶಾದ್ವಲವಾಯಿತು.

ಎಳೆಗಳು ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಚೀಲಗಳಲ್ಲಿ ಬರುತ್ತವೆ: 2 ಮಿಲಿಮೀಟರು, 4, 6, 12. ಎಪ್ಪತ್ತಾರರಿಂದ ಗುಣಿಸಿದರೆ 2 ಮಿಲಿಮೀಟರಿನ ಎಳೆ ಗೇಣಿಗೆ ಕಡಮೆಯಾದ ಹುಲ್ಲು. 4 ಎಂದರೆ ಒಂದಡಿ. 6 ಎಂದರೆ ಸರಿಯಾಗಿ ಒಂದು ಮೊಳ. 12 ಎಂದರೆ ಒಂದು ಗಜ. ನನಗೆ ಕೂಡಲೆ ಅಮರಕೋಶವು ನೆನಪಿಗೆ ಬಂದಿತು. ಮೊದಲನೆಯದು ಶಷ್ಪ, ಮೂರನೆಯದು ಯವಸ. ಹಾಗೆಂದು ವೃದ್ಧರಿಗೆ ವಿವರಿಸಿದೆ. ಅವರು ಆ ಹೆಸರುಗಳನ್ನು ತಮ್ಮ ಲಿಪಿಯಲ್ಲಿ ಬರೆದು ಚೀಲಗಳಿಗೆ ಅಂಟಿಸಿಬಿಟ್ಟರು.

ಬಣ್ಣದ ಮಾತು ಇನ್ನೂ ಸ್ವಾರಸ್ಯವಾದದ್ದು. ಚೀಲಗಳ ಮೇಲೆ ವಸಂತಕಾಲದ ಹುಲ್ಲು, ಬೇಸಗೆಯ ಹುಲ್ಲು, ಎಲೆಯುದುರುವ ಕಾಲದ ಹುಲ್ಲು ಎಂದು ಅಚ್ಚುಮಾಡಿರುತ್ತಾರೆ. ಬಲ್ಲವರು ಯಾವೊಂದನ್ನೂ ಹಾಗೆಯೇ ಬಳಸುವುದಿಲ್ಲ. ಹಸುರಿಗೆ ಒಣಹುಲ್ಲಿನ ಬಣ್ಣವನ್ನು ಧಾರಾಳವಾಗಿ ಬೆರೆಸುತ್ತಾರೆ; ಎಷ್ಟೇ ಹಸುರಾದ ಹುಲ್ಲುಗಾವಲಿನಲ್ಲಿಯೂ ಬುಡದಲ್ಲಿ ಕಳೆದ ವರ್ಷದ ಒಣಗಿದ ಎಳೆಗಳು ಇದ್ದೇ ಇರುತ್ತವೆ. ನಿಮ್ಮ ದೇಶದಲ್ಲಿ ಹಳಿಯ ಪಕ್ಕದ ಹುಲ್ಲು ಯಾವ ಬಣ್ಣದ್ದೆಂದು ಅವರು ಒಂದು ಸಂಜೆ ಕೇಳಿದರು. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯ ಬಳಿ. ಆಗ ಅದು ಮೀಟರ್ ಗೇಜು. ಕೊನೆಕೊನೆಗೆ ರೈಲುಬಸ್ಸೊಂದು ಓಡಾಡುತ್ತಿತ್ತು. 2011ರಲ್ಲಿ ಬ್ರಾಡ್ ಗೇಜಾಯಿತು. ನಮ್ಮಲ್ಲಿ ಋತುಗಳು ಆರು, ಯಾವುದನ್ನು ಹೇಳಲಿ ಎಂದೆ. ವರ್ಷಋತುವಿನಲ್ಲಿ ಕಣ್ಣು ಕೋರೈಸುವ ಹಸುರು. ಶರತ್ತಿನಲ್ಲಿ ತೆನೆಗಟ್ಟಿ ತುದಿ ಕೆಂಪಾಗುವುದು. ಹೇಮಂತದಲ್ಲಿ ಕರಡವು ಹೊಂಬಣ್ಣಕ್ಕೆ ಬಂದು ಕೊಯ್ಲಾಗುವುದು. ಶಿಶಿರದಲ್ಲಿ ಬಿಳಿಚಿದ ಕೂಳೆ. ವಸಂತವೆಂದರೆ ಅವರ ಚೀಲದಲ್ಲಿ ಹೊಸ ಹಸುರು. ನಮ್ಮಲ್ಲಿ ಮರಗಳೆಲ್ಲ ಚಿಗುರಿ ನಿಂತಿರುವಾಗ ನೆಲದ ಹುಲ್ಲು ಮಾತ್ರ ಬೂದುಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿರುತ್ತದೆ. ಗ್ರೀಷ್ಮದ ಕೊನೆಗೆ ಒಂದು ಮಳೆ ಬೀಳುವ ತನಕ ಅದು ಏಳುವುದಿಲ್ಲ. ಮೇಲೆ ಚಿಗುರು, ಕೆಳಗೆ ಬೂದಿ ಎಂಬ ಈ ವಿಪರೀತವು ಅವರಿಗೆ ನಂಬಲಾಗಲಿಲ್ಲ. ಅಂಗೈಯಗಲದ ಹಲಗೆಯ ಮೇಲೆ ಒಣಹುಲ್ಲಿನ ಬಣ್ಣಕ್ಕೆ ಸ್ವಲ್ಪ ಬೂದುಬಣ್ಣವನ್ನು ಬೆರೆಸಿ, ಕೆಂಪು ಮಣ್ಣಿನ ಮೇಲೆ ನೆಟ್ಟು, ಇದೆಯೋ ಎಂದು ತೋರಿಸಿದರು. ಅದೇ. ಚೈತ್ರದ ಬಿಸಿಲಿನಲ್ಲಿ ನಾನು ಶಾಲೆಗೆ ನಡೆಯುತ್ತಿದ್ದ ದಾರಿಯ ಅಂಚು ಆ ಹಲಗೆಯ ಮೇಲೆ ಇತ್ತು. ಅದನ್ನು ಕೇಳಿ ಪಡೆದುಕೊಂಡು ಬಂದಿದ್ದೇನೆ.

ಯಂತ್ರಕ್ಕೂ ಒಂದು ಮಿತಿಯಿದೆ. ವಿದ್ಯುತ್ತಿನ ಸೆಳೆತವು ನೆಲಕ್ಕೆ ಲಂಬವಾಗಿರುತ್ತದೆ. ಆದುದರಿಂದ ಕಡಿದಾದ ಏರಿಯ ಇಳಿಜಾರಿನಲ್ಲಿ ಎಳೆಗಳು ಮುಳ್ಳುಹಂದಿಯ ಮುಳ್ಳಿನಂತೆ ಅಡ್ಡಡ್ಡವಾಗಿ ಚಾಚಿಕೊಳ್ಳುತ್ತವೆ. ನೆಲವು ಎತ್ತ ವಾಲಿದರೂ ಬದುಕಿರುವ ಹುಲ್ಲು ಆಕಾಶದ ಕಡೆಗೇ ಬೆಳೆಯತಕ್ಕದ್ದು. ಆ ವಿವೇಕವು ವೋಲ್ಟಿಗೆ ಇಲ್ಲ. ಅಂಟು ಒಣಗುವ ಮೊದಲು ಬೆರಳಿನಿಂದ ಹಗುರವಾಗಿ ಮೇಲ್ಮುಖವಾಗಿ ಸವರಬೇಕು. ಇದೊಂದು ಕೆಲಸವನ್ನು ಮಾತ್ರ ಅವರು ನನಗೆ ಬಿಡಲಿಲ್ಲ; ನಡುಗುವ ಬೆರಳೇ ಇದಕ್ಕೆ ಒಳ್ಳೆಯದೆಂದು ನಗುತ್ತಿದ್ದರು. ನಡುಕದಿಂದ ಎಳೆಗಳು ಒಂದೇ ಸಮನಾಗದೆ ಗಾಳಿಗೆ ಆಡಿದಂತೆ ನಿಂತವೆಂಬುದು ನಿಜ.

ನಿಲ್ದಾಣದ ಆಚೆಯ ಏರಿಗೆ ಎಷ್ಟುದ್ದದ ಹುಲ್ಲನ್ನು ಹಾಕಬೇಕೆಂಬುದರಲ್ಲಿ ಒಂದು ವಿವಾದ ಹುಟ್ಟಿತು. ಇದೇ ಹವ್ಯಾಸದ ಗೆಳೆಯರೊಬ್ಬರು ನೋಡಲು ಬಂದವರು, 6 ಮಿಲಿಮೀಟರಿನ ಎಳೆಯನ್ನು ದಟ್ಟವಾಗಿ ಹಾಕಿ, ನಡುನಡುವೆ ಪೊದೆಗಳನ್ನಿಡಿ, ಕಣ್ಣಿಗೆ ಹಬ್ಬವಾಗುತ್ತದೆ ಎಂದರು. ಆಧಾರವಾಗಿ ಇದ್ದದ್ದು ಒಂದೇ ಭಾವಚಿತ್ರ, ಕಪ್ಪು ಬಿಳುಪಿನದು. ಅದರಲ್ಲಿ ಏರಿಯು ಒಂದು ಮಸುಕಾದ ಬೂದುಪಟ್ಟಿಯಾಗಿ ಕಾಣುತ್ತದೆಯೇ ಹೊರತು ಎತ್ತರ ತಿಳಿಯುವುದಿಲ್ಲ. ಪ್ರತ್ಯಕ್ಷವು ಕೈಕೊಟ್ಟಿತು; ಇನ್ನು ಅನುಮಾನ, ಶಬ್ದ ಇವೇ ಪ್ರಮಾಣ. ಈಗ ಆ ದೇಶದ ಹಳಿಗಳ ಪಕ್ಕದಲ್ಲಿ ಪೊದೆಗಳೂ ಮರಗಳೂ ಬೆಳೆದು ನಿಂತಿರುವುದನ್ನು ಎಲ್ಲರೂ ನೋಡುತ್ತಾರೆ. ಎಂದಿನಿಂದಲೂ ಹಾಗೆಯೇ ಇತ್ತೆಂದು ಭಾವಿಸುತ್ತಾರೆ. ಆದರೆ ಉಗಿಯೆಂಜಿನ್ನುಗಳ ಕಾಲದಲ್ಲಿ ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯವಿತ್ತು. ಆದುದರಿಂದ ಕೆಲವು ಕೆಲವು ಮೈಲಿಗೆ ಒಂದೊಂದು ಗ್ಯಾಂಗು, ಆ ಗ್ಯಾಂಗಿನವರು ಉದ್ದನೆಯ ಹಿಡಿಯ ದೊಡ್ಡ ಕುಡುಗೋಲಿನಿಂದ ಬೇಸಗೆಯಲ್ಲಿ ಏರಿಯ ಹುಲ್ಲನ್ನೆಲ್ಲ ಕೊಯ್ದು ಓರಣ ಮಾಡುತ್ತಿದ್ದರು. ಬ್ರಿಟಿಷ್ ರೈಲ್ವೆಯಲ್ಲಿ 1968ರಲ್ಲಿ ಉಗಿಯೆಂಜಿನ್ನಿನ ಕಾಲ ಮುಗಿಯಿತು; ಆ ಕೊಯ್ಲೂ ಕ್ರಮೇಣ ಇಲ್ಲವಾಗಿ ಪೊದೆಗಳು ಎದ್ದವು.

ವೃದ್ಧರು ಇದನ್ನೆಲ್ಲ ಹೇಳಿ, ಸ್ವಲ್ಪ ತಡೆದು, "ಆ ಏರಿ ನಮ್ಮ ತಂದೆಯವರ ಪಾಲಿನದು. ಅವರು ಆ ಗ್ಯಾಂಗಿನಲ್ಲಿದ್ದರು. ಅಲ್ಲಿ ನಾನು ಮೊಳದುದ್ದದ ಹುಲ್ಲು ಹಾಕಿದರೆ, ನಮ್ಮ ತಂದೆಯವರು ಕೆಲಸ ಮಾಡಲಿಲ್ಲವೆಂದು ಬರೆದಿಟ್ಟಂತಾಗುತ್ತದೆ" ಎಂದರು.

ಗೆಳೆಯರು ಸುಮ್ಮನಾದರು. ಚಂದವೆಂಬುದಕ್ಕೆ ನಾನು ವಿರೋಧಿಯಲ್ಲ. ಆದರೆ ಆ ದಿನ ನನ್ನ ಮತವನ್ನು ಕೇಳಿದ್ದರೆ ಶಷ್ಪದ ಪಕ್ಷವನ್ನೇ ಹಿಡಿಯುತ್ತಿದ್ದೆ. ಆ ತಂದೆಯವರು ದುಡಿದದ್ದಕ್ಕೆ ಈ ಪ್ರಪಂಚದಲ್ಲಿ ಬೇರೆ ಯಾವ ಸಾಕ್ಷ್ಯ ಉಳಿದಿತ್ತು? ಹಳಿ ಇಲ್ಲ, ನಿಲ್ದಾಣವಿಲ್ಲ. ಕೊಯ್ದ ಹುಲ್ಲಂತೂ ಆ ವರ್ಷವೇ ಹೋಯಿತು.

ಬೇಲಿಯ ಒಳಗೆಲ್ಲ 2 ಮಿಲಿಮೀಟರು ಹಾಕಿದೆವು. ಬೇಲಿಯ ಹೊರಗೆ ರೈತನ ಹೊಲ. ಅಲ್ಲಿಯೂ ಕಾಲುವೆಯ ಅಂಚಿನಲ್ಲಿಯೂ 6 ಮಿಲಿಮೀಟರಿನದನ್ನು ಮನಸ್ವಿಯಾಗಿ ಬೆಳೆಯಲು ಬಿಟ್ಟೆವು. ಹೀಗೆ ಬೇಲಿಯ ಎರಡು ಕಡೆಯ ಭೇದವು ಕಣ್ಣಿಗೆ ಹೊಡೆಯುವಂತೆ ಕಂಡಿತು. ಏರಿಯ ಒಂದು ಭಾಗದಲ್ಲಿ ಮಾತ್ರ ಅವರು 4 ಮಿಲಿಮೀಟರಿನ ಹುಲ್ಲನ್ನು ಒಂದು ಗೆರೆಯ ತನಕ ನಿಲ್ಲಿಸಿ, ಗೆರೆಯಿಂದ ಈಚೆಗೆ ಬಿಳಿಚಿದ ಬುಡಗಳನ್ನೂ, ಕೊಯ್ದ ಎಳೆಗಳು ಸಾಲಾಗಿ ಮಲಗಿರುವುದನ್ನೂ ಚಿಮಟದಿಂದ ಒಂದೊಂದಾಗಿ ಜೋಡಿಸಿದರು. ಅದಕ್ಕೆ ಎರಡು ಸಂಜೆ ಹಿಡಿಯಿತು. ಬೇಲಿಯ ಕಂಬವೊಂದಕ್ಕೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಕೋಟನ್ನು ನೇತುಹಾಕಿ, ಕೆಳಗೆ ಕುಡುಗೋಲನ್ನು ಒರಗಿಸಿದರು.

ಮನುಷ್ಯನ ಬೊಂಬೆಯೆಲ್ಲಿ ಎಂದು ಕೇಳಿದೆ.

"ಗಾಡಿ ಬರುವ ಹೊತ್ತು, ಮಾಸ್ಟರೆ. ಹಳಿಯಿಂದ ದೂರ ಸರಿದು ಎಲ್ಲೋ ನಿಂತಿದ್ದಾರೆ" ಎಂದರು. ಆಮೇಲೆ ಹೆಚ್ಚಾಗಿ ಬಿದ್ದಿದ್ದ ಎಳೆಗಳನ್ನು ಬಟ್ಟೆ ಕಟ್ಟಿದ ಕೊಳವೆಯಿಂದ ಹೀರಿ ತೆಗೆದು, ಶಷ್ಪವೆಂದು ಬರೆದಿದ್ದ ಚೀಲಕ್ಕೆ ತುಂಬಿದೆವು. ಸಿಗ್ನಲ್ ಕಂಬದ ತನಕ ಇನ್ನೂ ಒಂದೂವರೆ ಅಡಿ ನೆಲ ಬರಿದಾಗಿತ್ತು. ನಾನು ಅಂಟಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.