ಎಳೆಯ ಮಕ್ಕಳಿಗೆ ಸ್ಪ್ಯಾನಿಷ್ ಚಿತ್ರಪುಸ್ತಕಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆಮಾಡಿರುವರು. ದೂರದೇಶದಲ್ಲಿರುವ ನಾನು ನನ್ನ ಕೈಯಲ್ಲಿರುವ ಕೆಲಸವನ್ನು ಕುರಿತೇ ನಾಲ್ಕು ಮಾತುಗಳನ್ನು ಬರೆಯುವೆನು. ಅಮೆರಿಕದ ಟೆಕ್ಸಾಸ್ ಪ್ರಾಂತದ ಒಂದು ಊರಿನ ಪುಸ್ತಕಭಂಡಾರದಲ್ಲಿ, ಇನ್ನೂ ಓದಲು ಬಾರದ ಮಕ್ಕಳಿಗಾಗಿ ಸ್ಪ್ಯಾನಿಷ್ ಭಾಷೆಯ ಚಿತ್ರಪುಸ್ತಕಗಳನ್ನು ಆರಿಸಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ.

ಟೆಕ್ಸಾಸ್ 1836ರವರೆಗೆ ಮೆಕ್ಸಿಕೋ ದೇಶಕ್ಕೆ ಸೇರಿದ್ದಿತು. ಆದುದರಿಂದ ಸ್ಪ್ಯಾನಿಷ್ ಇಲ್ಲಿಗೆ ನಿನ್ನೆ ಬಂದ ಭಾಷೆಯಲ್ಲ. ಆದರೂ ಶಾಲೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಇಂಗ್ಲಿಷೇ ಮೇಲಾಗಿರುವುದರಿಂದ, ಮಗುವು ಶಾಲೆಗೆ ಸೇರಿದ ಒಂದೆರಡು ವರ್ಷಗಳಲ್ಲಿಯೇ ಮನೆಯವರ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗುವುದುಂಟು. ತಾಯಿತಂದೆಗಳು ಹೇಗೋ ಸುಧಾರಿಸಿಕೊಳ್ಳುವರು. ಇಂಗ್ಲಿಷನ್ನರಿಯದ ಅಜ್ಜಿಯು ಮಾತ್ರ ತನ್ನ ಮೊಮ್ಮಗುವಿನೆದುರು ಮೂಕಳಾಗುವಳು. ಆ ಅಜ್ಜಿಯನ್ನೂ ಮಗುವನ್ನೂ ಒಂದೇ ಪುಟದ ಮುಂದೆ ಕುಳ್ಳಿರಿಸಬಲ್ಲ ಪುಸ್ತಕವೇ ಒಳ್ಳೆಯ ಪುಸ್ತಕವೆಂಬುದು ನನ್ನ ಎಣಿಕೆ.

ಮೊದಲನೆಯದಾಗಿ, ಪುಸ್ತಕವನ್ನು ಗಟ್ಟಿಯಾಗಿ ಓದಿ ನೋಡಬೇಕು. ಸ್ಪ್ಯಾನಿಷ್ ಬರಹವು ನಮ್ಮ ಕನ್ನಡದಂತೆ ಬಹುಮಟ್ಟಿಗೆ ಉಚ್ಚಾರಣೆಯನ್ನೇ ಅನುಸರಿಸುವುದು. ಇದಲ್ಲದೆ, ಪ್ರಶ್ನೆಯ ಆರಂಭದಲ್ಲಿಯೂ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಯನ್ನಿಡುವ ಪದ್ಧತಿಯನ್ನು ಸ್ಪೇನಿನ ರಾಜಕೀಯ ಅಕಾಡೆಮಿಯವರು 1754ರಲ್ಲಿ ವಿಧಿಸಿದರು. ಆದಕಾರಣ ಧ್ವನಿಯನ್ನು ಎಲ್ಲಿಂದ ಏರಿಸಬೇಕೆಂಬುದು ಓದುವವಳಿಗೆ ಮೊದಲೇ ತಿಳಿಯುವುದು. ಇಷ್ಟು ಅನುಕೂಲವಿದ್ದೂ ಓದುವಾಗ ನಾಲಗೆ ತಡವರಿಸಿದರೆ, ಅದು ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಮಾಡಿದ ಭಾಷಾಂತರವೆಂದು ಸಂಶಯಪಡಬಹುದು. ಪ್ರಾಸದ ಪುಸ್ತಕಗಳಲ್ಲಂತೂ ಮೂಲದ ಪ್ರಾಸವು ಅಳಿದು, ಅರ್ಥ ಮಾತ್ರ ಒಣಗಿ ಉಳಿದಿರುವುದುಂಟು. ಅಂಥವುಗಳನ್ನು ನಾನು ಬದಿಗಿಡುವೆನು.

ಎರಡನೆಯದು, ಶಬ್ದಗಳು ಯಾವ ನಾಡಿನವೆಂಬ ವಿಚಾರ. ನಮ್ಮ ಬೋರ್ಡಿಂಗಿನಲ್ಲಿ ಮಂಗಳೂರಿನ ಹುಡುಗಿಯರ ನೆಲಗಡಲೆ, ಧಾರವಾಡದವರ ಶೇಂಗಾ, ಮೈಸೂರಿನವರ ಕಡಲೆಕಾಯಿ, ಇವು ಮೂರೂ ಒಂದೇ ಎಂದು ತಿಳಿಯುವಷ್ಟರಲ್ಲಿ ಎಷ್ಟು ನಗೆಯಾಗುತ್ತಿದ್ದಿತೆಂಬುದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಅದೇ ಕಾಳು ಸ್ಪೇನಿನಲ್ಲಿ ಕಕಾವೇತೆ, ಮೆಕ್ಸಿಕೋದಲ್ಲಿ ಕಕಾವಾತೆ, ಕ್ಯೂಬಾ ಮೊದಲಾದೆಡೆಗಳಲ್ಲಿ ಮನೀ. ಗಾಳಿಪಟವು ಸ್ಪೇನಿನಲ್ಲಿ ಕೊಮೇತಾ, ಮೆಕ್ಸಿಕೋದಲ್ಲಿ ಪಾಪಾಲೋತೆ, ಪೋರ್ಟೋ ರಿಕೋದಲ್ಲಿ ಚಿರಿಂಗಾ, ಚಿಲಿಯಲ್ಲಿ ವೊಲಾಂತೀನ್. ಗ್ವಾಗ್ವಾ ಎಂದರೆ ಕ್ಯೂಬಾದವರಿಗೆ ಬಸ್ಸು, ಚಿಲಿಯವರಿಗೆ ಕೈಗೂಸು!

ಆದರೆ ಪರನಾಡಿನ ಶಬ್ದವಿದ್ದ ಮಾತ್ರಕ್ಕೆ ಪುಸ್ತಕವನ್ನು ತಳ್ಳಬೇಕಾಗಿಲ್ಲ. ಒಂದು ಶನಿವಾರ ಮೆಕ್ಸಿಕೋದ ವೃದ್ಧೆಯೊಬ್ಬರು ನಾಲ್ಕು ವರ್ಷದ ಮೊಮ್ಮಗನಿಗೆ ಓದಿಹೇಳುತ್ತ ಕೊಮೇತಾ ಎಂಬಲ್ಲಿಗೆ ಬಂದು ನಿಂತರು. “ನಮ್ಮಲ್ಲಿ ಹೀಗನ್ನುವುದಿಲ್ಲ, ಪಾಪಾಲೋತೆ ಅನ್ನುತ್ತೇವೆ,” ಎಂದು ಬೆರಳಿಟ್ಟು ತೋರಿಸಿ, ತಾವು ಬಾಲ್ಯದಲ್ಲಿ ಅಣ್ಣಂದಿರೊಡನೆ ಗಾಳಿಪಟ ಹಾರಿಸಿದ್ದನ್ನು ವರ್ಣಿಸಿದರು. ಅದುವರೆಗೆ ಇಂಗ್ಲಿಷಿನಲ್ಲಿಯೇ ಉಲಿಯುತ್ತಿದ್ದ ಹುಡುಗನು ಮುಂದಿನ ಪುಟ ಬಂದೊಡನೆ ಅಜ್ಜಿಗಿಂತ ಮೊದಲೇ “ಪಾಪಾಲೋತೆ!” ಎಂದು ಕೂಗಿದನು.

ಮೂರನೆಯದು, ಎರಡು ಭಾಷೆಗಳನ್ನು ಒಂದೇ ಪುಟದಲ್ಲಿ ಅಚ್ಚುಮಾಡಿದ ಪುಸ್ತಕಗಳು. ಇಂಗ್ಲಿಷ್ ಮೇಲೆ ದೊಡ್ಡ ಅಕ್ಷರಗಳಲ್ಲಿಯೂ ಸ್ಪ್ಯಾನಿಷ್ ಕೆಳಗೆ ಮಸುಕಾದ ಸಣ್ಣ ಅಕ್ಷರಗಳಲ್ಲಿಯೂ ಇದ್ದರೆ, ಮನೆಯ ಮಾತು ಎರಡನೆಯ ತರದ್ದೆಂಬ ಪಾಠವನ್ನು ಮಗುವು ಓದು ಕಲಿಯುವ ಮೊದಲೇ ಕಲಿಯುವುದು.

ಈ ಮಾತನ್ನು ಆಡುವಾಗ ಪೂರಾ ಬೆಲ್‌ಪ್ರೇ ಎಂಬ ಮಹಿಳೆಯನ್ನು ಸ್ಮರಿಸದಿರಲಾರೆನು. ಪೋರ್ಟೋ ರಿಕೋದಲ್ಲಿ ಹುಟ್ಟಿದ ಈಕೆಯು 1921ರಲ್ಲಿ ನ್ಯೂಯಾರ್ಕ್ ನಗರದ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಕೆಲಸಕ್ಕೆ ಸೇರಿದರು. ತಮ್ಮ ನಾಡಿನ ಕಥೆಗಳು ಅಲ್ಲಿಯ ಕಪಾಟುಗಳಲ್ಲಿಲ್ಲದಿರುವುದನ್ನು ಕಂಡು, ಅಜ್ಜಿಯಿಂದ ಕೇಳಿದ್ದ ಜಿರಳೆ ಮತ್ತು ಇಲಿಯ ಕಥೆಯನ್ನು ಮಕ್ಕಳಿಗೆ ಹೇಳಿದರು. 1932ರಲ್ಲಿ ಅದು ಪುಸ್ತಕವಾಗಿ ಹೊರಬಂದಿತು. 1996ರಿಂದ ಅವರ ಹೆಸರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಪಾರಿತೋಷಕವನ್ನು ಕೊಡುತ್ತಿರುವರು. ಇದನ್ನು ಪಡೆದ ಪುಸ್ತಕಗಳ ಪಟ್ಟಿಯು ನನ್ನಂಥವರಿಗೆ ಒಳ್ಳೆಯ ದಾರಿ ತೋರುವುದು.

ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಅನೇಕರ ಮಕ್ಕಳೂ ಮೊಮ್ಮಕ್ಕಳೂ ಇಂದು ಕನ್ನಡವು ಕಿವಿಗೆ ಬೀಳದ ಊರುಗಳಲ್ಲಿ ಬೆಳೆಯುತ್ತಿರುವರು. ಅವರಿಗೆ ಕನ್ನಡ ಚಿತ್ರಪುಸ್ತಕವನ್ನು ಕಳುಹಿಸುವ ಮೊದಲು ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಿರಿ. ಅದರಲ್ಲಿ ಕಡಲೆಕಾಯಿ ಎಂದಿದ್ದು ನಿಮ್ಮ ಮನೆಯಲ್ಲಿ ಶೇಂಗಾ ಎನ್ನುವುದಾದರೆ, ಆ ಶಬ್ದವನ್ನು ನಿಮ್ಮ ಕೈಯಿಂದಲೇ ಪಕ್ಕದಲ್ಲಿ ಬರೆದು ಕಳುಹಿಸಿರಿ.